ಸುಯೆಜ್, 1956: ಗೆಳೆಯನಿಗೆ ಹೇಳದೆ ಹೊರಟ ಯುದ್ಧ

1956ರ ನವೆಂಬರ್ 6. ಸುಯೆಜ್ ಕಾಲುವೆಯ ಉತ್ತರದ ತುದಿಯಲ್ಲಿರುವ ಪೋರ್ಟ್ ಸಯೀದ್ ಬಂದರು ಬ್ರಿಟನ್ ಮತ್ತು ಫ್ರಾನ್ಸಿನ ಸೈನಿಕರ ಕೈಗೆ ಬಂದಿತ್ತು. ಅವರು ಕಾಲುವೆಯ ಪಕ್ಕದ ದಾರಿ ಹಿಡಿದು ದಕ್ಷಿಣಕ್ಕೆ ಹೊರಟಿದ್ದರು. ಎದುರಿಗೆ ಅವರನ್ನು ತಡೆಯುವಂಥ ದೊಡ್ಡ ಪಡೆ ಇರಲಿಲ್ಲ. ಇನ್ನು ಕೆಲವೇ ದಿನ ಸಿಕ್ಕಿದ್ದರೆ ಇಡೀ ಕಾಲುವೆ ಅವರದಾಗುತ್ತಿತ್ತು. ಪೋರ್ಟ್ ಸಯೀದ್‌ನಿಂದ ಸುಮಾರು 37 ಕಿಲೋಮೀಟರ್ ದೂರದ ಎಲ್ ಕಾಪ್ ಎಂಬಲ್ಲಿಗೆ ತಲುಪುವ ಹೊತ್ತಿಗೆ ಆದೇಶ ಬಂತು: ಮಧ್ಯರಾತ್ರಿಗೆ ಕದನವಿರಾಮ. ಎಲ್ಲಿದ್ದೀರೋ ಅಲ್ಲೇ ನಿಲ್ಲಿ.

ಅವರನ್ನು ನಿಲ್ಲಿಸಿದ್ದು ಈಜಿಪ್ಟಿನ ಸೇನೆಯಲ್ಲ. ರಾಕೆಟ್ ಹಾರಿಸುವ ಬೆದರಿಕೆ ಹಾಕಿದ್ದ ಸೋವಿಯತ್ ಒಕ್ಕೂಟವೂ ಅಲ್ಲ. ನಿಲ್ಲಿಸಿದ್ದು ಅಮೆರಿಕ. ಎರಡು ಮಹಾಯುದ್ಧಗಳಲ್ಲಿ ಈ ಇಬ್ಬರ ಜೊತೆ ನಿಂತು ಹೋರಾಡಿದ್ದ, ನೇಟೋ ಎಂಬ ಸೇನಾ ಮೈತ್ರಿಯ ಒಪ್ಪಂದದಲ್ಲಿ ಇವರ ಜೊತೆ ಸಹಿ ಹಾಕಿದ್ದ ಅಮೆರಿಕ. ಅದೂ ಒಂದು ಗುಂಡು ಹಾರಿಸದೆ.

ಮೈತ್ರಿ ಎಂದರೇನು, ಬಲ ಎಂದರೇನು ಎಂದು ತಿಳಿಯಬೇಕಾದರೆ ಈ ಪ್ರಕರಣವನ್ನು ಬಿಡಿಸಿ ನೋಡಬೇಕು ಅನ್ನುವುದು ನನ್ನ ನಂಬಿಕೆ. ದೊಡ್ಡ ಯುದ್ಧಗಳಲ್ಲಿ ಕಾರಣಗಳು ಒಂದರೊಳಗೊಂದು ಸಿಕ್ಕಿಕೊಂಡಿರುತ್ತವೆ. ಇಲ್ಲಿ ಎಲ್ಲವೂ ನಾಲ್ಕೈದು ತಿಂಗಳಲ್ಲಿ ನಡೆದು ಮುಗಿಯಿತು. ಯಾರು ಯಾರನ್ನು ನಂಬಿದರು, ಎಲ್ಲಿ ಲೆಕ್ಕ ತಪ್ಪಿತು ಅನ್ನುವುದು ಬೆಳಕಿನಲ್ಲಿ ಇಟ್ಟಂತೆ ಕಾಣುತ್ತದೆ.

ಕಾಲುವೆ ಯಾರದು?

ಕಾಲುವೆ ತೆರೆದಿದ್ದು 1869ರ ನವೆಂಬರ್‌ನಲ್ಲಿ. ತೋಡಿಸಿದ್ದು ಫ್ರಾನ್ಸಿನ ಫರ್ಡಿನಾಂಡ್ ದ ಲೆಸೆಪ್ಸ್. ತೋಡುತ್ತಾ ಸತ್ತವರು ಈಜಿಪ್ಟಿನ ಕೂಲಿಗಳು. ಸಾಲದಲ್ಲಿ ಮುಳುಗಿದ್ದ ಈಜಿಪ್ಟಿನ ದೊರೆ 1875ರಲ್ಲಿ ತನ್ನ ಪಾಲಿನ ಷೇರುಗಳನ್ನು ಮಾರಿದ. ಸುಮಾರು 40 ಲಕ್ಷ ಪೌಂಡ್ ಕೊಟ್ಟು ಬ್ರಿಟನ್ ಕೊಂಡುಕೊಂಡಿತು. ಏಳು ವರ್ಷದ ನಂತರ, 1882ರಲ್ಲಿ, ಬ್ರಿಟನ್ ಸೇನೆಯೇ ಈಜಿಪ್ಟಿಗೆ ಬಂದು ಕೂತಿತು. ಹೀಗೆ ಕಾಲುವೆ ಇದ್ದಿದ್ದು ಈಜಿಪ್ಟಿನ ನೆಲದಲ್ಲಿ, ಅದರ ಲಾಭ ಹೋಗುತ್ತಿದ್ದುದು ಪ್ಯಾರಿಸ್ ಮತ್ತು ಲಂಡನ್‌ಗೆ.

1952ರ ಜುಲೈನಲ್ಲಿ ಯುವ ಸೇನಾಧಿಕಾರಿಗಳು ದೊರೆ ಫಾರೂಕ್‌ನನ್ನು ಇಳಿಸಿದರು. ಅವರ ನಡುವಿನಿಂದ ಗಮಾಲ್ ಅಬ್ದೆಲ್ ನಾಸೆರ್ ಮೇಲೆ ಬಂದರು. 1954ರ ಒಪ್ಪಂದದಂತೆ ಬ್ರಿಟನ್ನಿನ ಕೊನೆಯ ಸೈನಿಕರು ಕಾಲುವೆ ವಲಯ ಬಿಟ್ಟು ಹೋಗಿದ್ದು 1956ರ ಜೂನ್‌ನಲ್ಲಿ. ಅದಾಗಿ ಆರು ವಾರಕ್ಕೆಲ್ಲ ಈ ಕಥೆ ಶುರುವಾಗುತ್ತದೆ.

ನಾಸೆರ್‌ಗೆ ನೈಲ್ ನದಿಗೆ ಅಸ್ವಾನ್‌ನಲ್ಲಿ ದೊಡ್ಡ ಅಣೆಕಟ್ಟು ಕಟ್ಟಬೇಕಿತ್ತು. ನೀರಾವರಿ, ವಿದ್ಯುತ್, ಪ್ರವಾಹದಿಂದ ರಕ್ಷಣೆ, ಎಲ್ಲವೂ ಅದರ ಮೇಲೆ ನಿಂತಿತ್ತು. ಹಣ ಕೊಡುತ್ತೇವೆ ಎಂದು ಅಮೆರಿಕ, ಬ್ರಿಟನ್ ಮತ್ತು ವಿಶ್ವಬ್ಯಾಂಕ್ ಮುಂದೆ ಬಂದಿದ್ದವು. ಆದರೆ ನಾಸೆರ್ 1955ರಲ್ಲಿ ಚೆಕೊಸ್ಲೊವಾಕಿಯಾದ ಮೂಲಕ ಸೋವಿಯತ್ ಆಯುಧ ಕೊಂಡರು. 1956ರ ಮೇನಲ್ಲಿ ಕಮ್ಯುನಿಸ್ಟ್ ಚೀನಾಕ್ಕೆ ಮಾನ್ಯತೆ ಕೊಟ್ಟರು. ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಜಾನ್ ಫಾಸ್ಟರ್ ಡಲೆಸ್ ಜುಲೈ 19ರಂದು ಅಣೆಕಟ್ಟಿನ ನೆರವನ್ನು ವಾಪಸ್ ಪಡೆದರು.

ಒಂದು ವಾರದ ನಂತರ, ಜುಲೈ 26ರ ಸಂಜೆ, ನಾಸೆರ್ ಅಲೆಕ್ಸಾಂಡ್ರಿಯಾದಲ್ಲಿ ಭಾಷಣಕ್ಕೆ ನಿಂತರು. ರೇಡಿಯೋದಲ್ಲಿ ದೇಶವೆಲ್ಲ ಕೇಳುತ್ತಿತ್ತು. ಮಹಮೂದ್ ಯೂನಿಸ್ ಎಂಬ ಅಧಿಕಾರಿಯ ತಂಡವೂ ಕೇಳುತ್ತಿತ್ತು, ಆದರೆ ಅವರು ಕಾಯುತ್ತಿದ್ದುದು ಒಂದೇ ಹೆಸರಿಗೆ. ಆ ಹೆಸರು ‘ದ ಲೆಸೆಪ್ಸ್’. ಅದು ಕಿವಿಗೆ ಬಿದ್ದ ಕೂಡಲೇ ಅವರು ಕಾಲುವೆ ಕಂಪನಿಯ ಕಚೇರಿಗಳಿಗೆ ನುಗ್ಗಬೇಕಿತ್ತು. ಎಲ್ಲಿ ತಪ್ಪಿಹೋಗುತ್ತದೋ ಎಂದು ನಾಸೆರ್ ಆ ಹೆಸರನ್ನು ಮತ್ತೆ ಮತ್ತೆ ಹೇಳಿದರು. ಭಾಷಣ ಮುಗಿಯುವ ಹೊತ್ತಿಗೆ ಕಾಲುವೆ ರಾಷ್ಟ್ರೀಕರಣವಾಗಿತ್ತು. ಅಣೆಕಟ್ಟಿನ ಹಣ ಇನ್ನು ಕಾಲುವೆಯ ಸುಂಕದಿಂದ ಬರುತ್ತದೆ ಎಂದರು.

ಷೇರುದಾರರಿಗೆ ಪ್ಯಾರಿಸ್ ಪೇಟೆಯ ದರದಲ್ಲಿ ಪರಿಹಾರ ಕೊಡುತ್ತೇವೆ ಎಂದೂ ನಾಸೆರ್ ಘೋಷಿಸಿದ್ದರು. ಕಂಪನಿ ನೋಂದಣಿಯಾಗಿದ್ದು ಈಜಿಪ್ಟಿನಲ್ಲಿ. ಹಾಗಾಗಿ ಕಾನೂನಿನ ಕಣ್ಣಿನಲ್ಲಿ ಇದು ಷೇರುದಾರರಿಂದ ಕಂಪನಿಯನ್ನು ಕೊಂಡುಕೊಂಡಂತೆ ಅಷ್ಟೇ. ಮಾರನೇ ದಿನ ಸೇರಿದ ಬ್ರಿಟನ್ ಸಚಿವ ಸಂಪುಟಕ್ಕೂ ಈ ವಿಷಯ ಗೊತ್ತಿತ್ತು. ಗೊತ್ತಿದ್ದೂ, ಬೇಕಾದರೆ ಬಲ ಬಳಸುವುದೇ ಸರಿ ಎಂದು ತೀರ್ಮಾನಿಸಿದರು.

ಮೂವರು, ಮೂರು ಕಾರಣ

ಬ್ರಿಟನ್ನಿನ ಪ್ರಧಾನಿ ಆಂಥನಿ ಈಡನ್ ದಡ್ಡರಾಗಿರಲಿಲ್ಲ. 1938ರಲ್ಲಿ, ಇಟಲಿಯ ಸರ್ವಾಧಿಕಾರಿ ಮುಸೊಲಿನಿಯ ಜೊತೆ ರಾಜಿ ಬೇಡ ಎಂದು ವಿದೇಶಾಂಗ ಮಂತ್ರಿಯ ಕುರ್ಚಿ ಬಿಟ್ಟು ಬಂದವರು. ನನಗೆ ಅನ್ನಿಸುವುದು, ಅವರನ್ನು ಕೆಡಿಸಿದ್ದು ಆ ಹಳೆಯ ಸರಿಯೇ. ಒಮ್ಮೆ ಸರಿಯಾಗಿ ಗುರುತಿಸಿದ ಮುಖವನ್ನೇ ಎಲ್ಲ ಕಡೆ ಕಾಣತೊಡಗಿದರು. ನಾಸೆರ್‌ನಲ್ಲಿ ಮುಸೊಲಿನಿಯನ್ನು ಕಂಡರು. ಸುಂಕದ ಲೆಕ್ಕದಲ್ಲಿ ಬಗೆಹರಿಯಬಹುದಿದ್ದ ಜಗಳ ಅವರ ಕಣ್ಣಿಗೆ 1930ರ ದಶಕದ ಯುರೋಪಿನಂತೆ ಕಂಡಿತು. ಭಯಕ್ಕೆ ಆಧಾರವೇ ಇರಲಿಲ್ಲ ಅಂತಲ್ಲ. ಪಶ್ಚಿಮ ಯುರೋಪಿನ ಎಣ್ಣೆಯಲ್ಲಿ ಮೂರನೇ ಎರಡರಷ್ಟು ಪಾಲು ಆ ಕಾಲುವೆಯ ಮೂಲಕ ಬರುತ್ತಿತ್ತು.

ಫ್ರಾನ್ಸಿನ ಚಿಂತೆ ಬೇರೆ. 1954ರ ನವೆಂಬರ್‌ನಿಂದ ಅಲ್ಜೀರಿಯಾ ಹೊತ್ತಿ ಉರಿಯುತ್ತಿತ್ತು. ಅಲ್ಲಿನ ಬಂಡಾಯಕ್ಕೆ ಕೈರೋದಿಂದ ಬೆಂಬಲವಿದೆ, ನಾಸೆರ್ ಬಿದ್ದರೆ ಬಂಡಾಯವೂ ಬೀಳುತ್ತದೆ ಎಂದು ಪ್ರಧಾನಿ ಗಿ ಮೊಲೆ ನಂಬಿದ್ದರು. ಇಸ್ರೇಲಿಗೆ ಮತ್ತೊಂದು ಕಾರಣ. ಕೆಂಪು ಸಮುದ್ರದ ಕಡೆಯ ಟಿರಾನ್ ಜಲಸಂಧಿಯನ್ನು ಈಜಿಪ್ಟ್ ಮುಚ್ಚಿದ್ದರಿಂದ ಅದರ ಏಲಾತ್ ಬಂದರಿಗೆ ಹಡಗು ಬರುತ್ತಿರಲಿಲ್ಲ. ಗಾಜಾ ಕಡೆಯಿಂದ ಫಿದಾಯೀನ್ ಎಂಬ ಪ್ಯಾಲೆಸ್ತೀನಿ ಗೆರಿಲ್ಲಾಗಳ ದಾಳಿ ನಡೆಯುತ್ತಿತ್ತು. ಈಜಿಪ್ಟಿನ ಹೊಸ ಸೋವಿಯತ್ ಆಯುಧಗಳು ಬಳಕೆಗೆ ಬರುವ ಮೊದಲೇ ಹೊಡೆಯಬೇಕು ಎಂಬ ಅವಸರವೂ ಇತ್ತು.

ಮೂವರಿಗೂ ನಾಸೆರ್ ಬೇಡವಾಗಿದ್ದರು. ಅದೊಂದನ್ನು ಬಿಟ್ಟರೆ ಅವರ ನಡುವೆ ಒಮ್ಮತವೇನೂ ಇರಲಿಲ್ಲ. ಬ್ರಿಟನ್ನಿಗಂತೂ ಇಸ್ರೇಲಿನ ಪಕ್ಕ ಕಾಣಿಸಿಕೊಳ್ಳುವುದೇ ಮುಜುಗರ. ಜೋರ್ಡನ್, ಇರಾಕ್‌ನಂಥ ಅರಬ್ ಗೆಳೆಯರಿಗೆ ಅದು ಏನು ಉತ್ತರ ಹೇಳೀತು?

ಆಗಸ್ಟ್, ಸೆಪ್ಟೆಂಬರ್ ಮಾತುಕತೆಯಲ್ಲಿ ಕಳೆಯಿತು. ಲಂಡನ್ನಿನಲ್ಲಿ 22 ದೇಶಗಳ ಸಭೆ ಸೇರಿತು. ಕಾಲುವೆ ಈಜಿಪ್ಟಿನದೇ ಇರಲಿ, ಅಂತರರಾಷ್ಟ್ರೀಯ ಸಮಿತಿ ಸಲಹೆ ಕೊಡಲಿ ಎಂಬ ಯೋಜನೆಯನ್ನು ಭಾರತದ ವಿ.ಕೆ. ಕೃಷ್ಣ ಮೆನನ್ ಮುಂದಿಟ್ಟರು. ಅದು ನಡೆಯಲಿಲ್ಲ. ಈ ನಡುವೆ ನಡೆದ ಒಂದು ಸಣ್ಣ ಸಂಗತಿ ನನಗೆ ತುಂಬ ಮುಖ್ಯವೆನಿಸುತ್ತದೆ. ಸೆಪ್ಟೆಂಬರ್ ಮಧ್ಯದಲ್ಲಿ ಕಾಲುವೆಯ ಯುರೋಪಿಯನ್ ಪೈಲಟ್‌ಗಳು, ಅಂದರೆ ಹಡಗುಗಳಿಗೆ ದಾರಿ ತೋರಿಸಿ ದಾಟಿಸುವವರು, ಒಟ್ಟಿಗೆ ಕೆಲಸ ಬಿಟ್ಟು ಹೋದರು. ಈಜಿಪ್ಟಿನವರ ಕೈಯಲ್ಲಿ ಕಾಲುವೆ ಒಂದು ದಿನವೂ ನಡೆಯುವುದಿಲ್ಲ ಎಂದು ತೋರಿಸುವುದು ಉದ್ದೇಶ. ಆದರೆ ನಡೆಯಿತು. ಉಳಿದ ಪೈಲಟ್‌ಗಳು ಹಗಲು ರಾತ್ರಿ ದುಡಿದು ಹಡಗುಗಳನ್ನು ದಾಟಿಸಿದರು. ಅಲ್ಲಿಗೆ, ‘ಕಾಲುವೆ ನಿಂತುಹೋಗುತ್ತದೆ’ ಎಂಬ ವಾದವೂ ಬಿದ್ದುಹೋಯಿತು. ಯುದ್ಧಕ್ಕೆ ಬೇರೆ ನೆಪ ಬೇಕಾಯಿತು.

ಸೆವ್ರ್‌ನ ಮನೆ

ಆ ನೆಪ ಹುಟ್ಟಿದ್ದು ಪ್ಯಾರಿಸ್ ಪಕ್ಕದ ಸೆವ್ರ್‌ನ ಒಂದು ಮನೆಯಲ್ಲಿ, ಅಕ್ಟೋಬರ್ 22ರಿಂದ 24ರ ನಡುವೆ. ಇಸ್ರೇಲಿನಿಂದ ಪ್ರಧಾನಿ ಬೆನ್ ಗುರಿಯನ್, ಸೇನಾ ಮುಖ್ಯಸ್ಥ ಮೋಶೆ ದಯಾನ್, ರಕ್ಷಣಾ ಇಲಾಖೆಯ ಶಿಮೋನ್ ಪೆರೆಸ್ ಬಂದಿದ್ದರು. ಫ್ರಾನ್ಸಿನಿಂದ ಮೊಲೆ ಮತ್ತು ವಿದೇಶಾಂಗ ಮಂತ್ರಿ ಕ್ರಿಸ್ತಿಯಾಂ ಪಿನೋ. ಬ್ರಿಟನ್ನಿನ ವಿದೇಶಾಂಗ ಮಂತ್ರಿ ಸೆಲ್ವಿನ್ ಲಾಯ್ಡ್ ಗುಟ್ಟಾಗಿ ಬಂದು ಹೋದರು.

ಯೋಜನೆ ಸರಳ. ಮೊದಲು ಇಸ್ರೇಲ್ ಕಾಲುವೆಯ ಪೂರ್ವಕ್ಕಿರುವ ಈಜಿಪ್ಟಿನ ಸಿನಾಯ್‌ಗೆ ನುಗ್ಗುತ್ತದೆ. ಆಗ ಬ್ರಿಟನ್ ಮತ್ತು ಫ್ರಾನ್ಸ್ ಜಗಳ ಬಿಡಿಸುವವರಂತೆ ಬಂದು, ಇಬ್ಬರೂ ಕಾಲುವೆಯಿಂದ ದೂರ ಸರಿಯಿರಿ ಎನ್ನುತ್ತವೆ. ಈಜಿಪ್ಟ್ ಒಪ್ಪುವುದಿಲ್ಲ. ಒಪ್ಪದಿದ್ದಕ್ಕೆ ಅವು ಕಾಲುವೆಯನ್ನು ‘ಕಾಪಾಡಲು’ ಇಳಿಯುತ್ತವೆ.

ಇದನ್ನು ಕಾಗದಕ್ಕಿಳಿಸಿ ಮೂರೂ ಕಡೆಯವರು ಸಹಿ ಹಾಕಿದರು. ಬ್ರಿಟನ್ ಪರವಾಗಿ ಸಹಿ ಹಾಕಿದ್ದು ಪ್ಯಾಟ್ರಿಕ್ ಡೀನ್ ಎಂಬ ಅಧಿಕಾರಿ. ಕಾಗದ ಇದೆ ಎಂದು ತಿಳಿದು ಈಡನ್ ಗಾಬರಿಯಾದರು. ಬ್ರಿಟನ್ನಿನ ಪ್ರತಿಯನ್ನು ನಾಶ ಮಾಡಿಸಿದರು. ಉಳಿದ ಪ್ರತಿಗಳೂ ಇರಬಾರದು ಎಂದು ಜನ ಕಳಿಸಿದರು. ಇಸ್ರೇಲಿನ ಪ್ರತಿ ಉಳಿಯಿತು. ಅದರಿಂದಲೇ ಇವತ್ತು ನಾವು ಇಷ್ಟು ಖಚಿತವಾಗಿ ಮಾತಾಡಬಹುದು.

ಅಮೆರಿಕಕ್ಕೆ ಒಂದು ಮಾತೂ ಹೇಳಲಿಲ್ಲ. ಅಧ್ಯಕ್ಷ ಐಸೆನ್‌ಹೋವರ್ ಜುಲೈ ಕೊನೆಯಿಂದಲೇ ಈಡನ್‌ಗೆ ಪತ್ರ ಬರೆದು, ಬಲ ಬಳಸಬೇಡಿ ಎಂದು ಸ್ಪಷ್ಟವಾಗಿ ಹೇಳಿದ್ದರು. ಆದರೂ ಕೆಲಸ ಮುಗಿದ ಮೇಲೆ ಗೆಳೆಯ ಸುಮ್ಮನಿರುತ್ತಾನೆ ಎಂದು ಲಂಡನ್ ಅಂದುಕೊಂಡಿತು. ಹಣಕಾಸು ಮಂತ್ರಿ ಹೆರಾಲ್ಡ್ ಮ್ಯಾಕ್‌ಮಿಲನ್ ಸೆಪ್ಟೆಂಬರ್‌ನಲ್ಲಿ ಐಸೆನ್‌ಹೋವರ್ ಅವರನ್ನು ಭೇಟಿಯಾಗಿ ಬಂದು, ಅವರು ಅಡ್ಡ ಬರುವುದಿಲ್ಲ ಎಂಬ ಭರವಸೆಯನ್ನೇ ಕೊಟ್ಟರು. ಕೇಳಬೇಕೆಂದಿದ್ದನ್ನೇ ಅವರು ಕೇಳಿಸಿಕೊಂಡಿದ್ದರು. ಒಳಗಿನವರು ಎಚ್ಚರಿಸಲಿಲ್ಲವೇ? ಎಚ್ಚರಿಸಿದ್ದರು. ಅಮೆರಿಕದ ಬೆಂಬಲವಿಲ್ಲದೆ ಹೊರಟರೆ ಪೌಂಡ್ ಉಳಿಯುವುದು ಕಷ್ಟ ಎಂದು ಖಜಾನೆಯ ಹಿರಿಯ ಅಧಿಕಾರಿ ಎಡ್ವರ್ಡ್ ಬ್ರಿಜಸ್ ಬರೆದು ಕೊಟ್ಟಿದ್ದರು. ನಮ್ಮಲ್ಲಿ ಕೊನೆಯ ವೈಸ್‌ರಾಯ್ ಎಂದು ಹೆಸರಾದ ಮೌಂಟ್‌ಬ್ಯಾಟನ್ ಆಗ ನೌಕಾಪಡೆಯ ಮುಖ್ಯಸ್ಥರು. ಅವರೂ ಈ ಯುದ್ಧವನ್ನು ವಿರೋಧಿಸಿದ್ದರು.

ಒಂಬತ್ತು ದಿನ

ಅಕ್ಟೋಬರ್ 29ರಂದು ಇಸ್ರೇಲಿನ ಪ್ಯಾರಾಟ್ರೂಪರ್‌ಗಳು ಸಿನಾಯ್‌ನ ಮಿಟ್ಲಾ ಕಣಿವೆಯ ಬಳಿ ಇಳಿದರು. ಮಾರನೇ ದಿನ ಬ್ರಿಟನ್ ಮತ್ತು ಫ್ರಾನ್ಸ್ 12 ಗಂಟೆಯ ಗಡುವು ಕೊಟ್ಟವು: ಇಬ್ಬರೂ ಕಾಲುವೆಯಿಂದ 10 ಮೈಲಿ ದೂರ ಸರಿಯಬೇಕು. ಇದರಲ್ಲಿನ ಮೋಸ ನೋಡಿ. ಇಸ್ರೇಲಿನ ಸೇನೆಯ ಬಹುಪಾಲು ಆಗ ಕಾಲುವೆಯಿಂದ ಬಹಳ ದೂರದಲ್ಲಿತ್ತು. ಅಂದರೆ ದಾಳಿ ಮಾಡಿದವನು ಇನ್ನೂ ಮುಂದೆ ಬರಬಹುದು, ದಾಳಿಗೆ ಒಳಗಾದವನು ತನ್ನ ನೆಲದಲ್ಲೇ ಹಿಂದಕ್ಕೆ ಹೋಗಬೇಕು! ಈ ಗಡುವನ್ನು ಓದಿದವರಿಗೆಲ್ಲ ಒಳಸಂಚಿನ ವಾಸನೆ ಹೊಡೆಯಿತು.

ಅದೇ ದಿನ ಭದ್ರತಾ ಮಂಡಳಿಯಲ್ಲಿ ಅಮೆರಿಕ ನಿರ್ಣಯ ತಂದಿತು. ಬ್ರಿಟನ್ ಮತ್ತು ಫ್ರಾನ್ಸ್ ವಿಟೋ ಹಾಕಿದವು. ಗೆಳೆಯರು ಗೆಳೆಯನ ನಿರ್ಣಯವನ್ನೇ ತಳ್ಳಿದರು, ಸೋವಿಯತ್ ಒಕ್ಕೂಟ ಅಮೆರಿಕದ ಕಡೆ ನಿಂತಿತ್ತು. ಅಕ್ಟೋಬರ್ 31ರಂದು ಈಜಿಪ್ಟಿನ ವಿಮಾನ ನಿಲ್ದಾಣಗಳ ಮೇಲೆ ಬಾಂಬ್ ಬೀಳತೊಡಗಿತು. ವಿಷಯ ಸಾಮಾನ್ಯ ಸಭೆಗೆ ಹೋಯಿತು. ನವೆಂಬರ್ 2ರಂದು ಕದನವಿರಾಮದ ಪರವಾಗಿ 64 ಮತ, ವಿರೋಧವಾಗಿ 5. ಆ ಐದರಲ್ಲಿ ದಾಳಿಕೋರರು ಮೂವರು. ಉಳಿದಿಬ್ಬರು ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್.

ಅತ್ತ ನಾಸೆರ್ ಹಡಗುಗಳನ್ನು ಮುಳುಗಿಸಿ ಕಾಲುವೆಯನ್ನೇ ಮುಚ್ಚಿಸಿದರು. ಯಾವ ಎಣ್ಣೆಯ ದಾರಿ ಕಾಪಾಡಲು ಹೊರಟಿದ್ದರೋ ಆ ದಾರಿ ದಾಳಿಯಿಂದಲೇ ಬಂದ್ ಆಯಿತು. ಸಿರಿಯಾದಲ್ಲಿ ಎಣ್ಣೆ ಪೈಪ್‌ಲೈನಿನ ಪಂಪಿಂಗ್ ಕೇಂದ್ರಗಳನ್ನೂ ಸ್ಫೋಟಿಸಲಾಯಿತು.

ಇದೇ ವಾರ, ನವೆಂಬರ್ 4ರ ಬೆಳಗಿನ ಜಾವ, ಸೋವಿಯತ್ ಟ್ಯಾಂಕ್‌ಗಳು ಬುಡಾಪೆಸ್ಟ್‌ಗೆ ನುಗ್ಗಿದವು. ಹಂಗೇರಿಯ ಜನ ಎದ್ದು ನಿಂತಿದ್ದರು, ಅವರನ್ನು ತುಳಿಯಲಾಯಿತು. ಜಗತ್ತೆಲ್ಲ ಒಂದೇ ದನಿಯಲ್ಲಿ ಮಾಸ್ಕೋವನ್ನು ಖಂಡಿಸಬೇಕಿದ್ದ ಹೊತ್ತು ಅದು. ಆದರೆ ಲಂಡನ್ ಮತ್ತು ಪ್ಯಾರಿಸ್ ಕೈರೋ ಮೇಲೆ ಬಾಂಬ್ ಹಾಕುತ್ತಾ ಬುಡಾಪೆಸ್ಟ್ ಬಗ್ಗೆ ಏನು ಮಾತಾಡಲಾದೀತು? ಐಸೆನ್‌ಹೋವರ್ ಸಿಟ್ಟಿಗೆ ಇದೂ ಒಂದು ಕಾರಣ. ಅಮೆರಿಕವೇನೂ ನ್ಯಾಯದ ದೇವರಾಗಿ ಬಂದಿರಲಿಲ್ಲ. ಏಷ್ಯಾ, ಆಫ್ರಿಕಾದ ಹೊಸ ದೇಶಗಳು ಸೋವಿಯತ್ ಕಡೆ ವಾಲಿದರೆ ಗತಿಯೇನು ಎಂಬ ಭಯವೇ ಅದಕ್ಕೆ ಜಾಸ್ತಿ ಇತ್ತು. ಹಂಗೇರಿಗೆ ಮಾತಿನ ಖಂಡನೆ ಬಿಟ್ಟು ಬೇರೇನೂ ಸಿಗಲಿಲ್ಲ. ಆ ಜನರ ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ.

ನವೆಂಬರ್ 5ರಂದು ಬ್ರಿಟನ್ ಮತ್ತು ಫ್ರಾನ್ಸಿನ ಪ್ಯಾರಾಟ್ರೂಪರ್‌ಗಳು ಪೋರ್ಟ್ ಸಯೀದ್‌ನಲ್ಲಿ ಇಳಿದರು. 6ರ ಬೆಳಿಗ್ಗೆ ಹಡಗುಗಳಿಂದ ಸೇನೆ ಇಳಿಯಿತು.

ಪೌಂಡ್

ಈ ಪ್ರಕರಣದ ಹೃದಯ ಇರುವುದು ಇಲ್ಲಿ. ಸ್ವಲ್ಪ ನಿಧಾನವಾಗಿ ನೋಡೋಣ.

ಆ ಕಾಲದಲ್ಲಿ ಒಂದು ಪೌಂಡ್‌ಗೆ 2.80 ಡಾಲರ್ ಎಂದು ದರ ಕಟ್ಟಿಟ್ಟಿದ್ದರು. ಭಾರತವೂ ಸೇರಿ ಎಷ್ಟೋ ದೇಶಗಳು ತಮ್ಮ ವಿದೇಶಿ ವಿನಿಮಯದ ಉಳಿತಾಯವನ್ನು ಲಂಡನ್ನಿನಲ್ಲಿ ಪೌಂಡ್ ರೂಪದಲ್ಲಿ ಇಟ್ಟಿದ್ದವು. ಪೌಂಡ್ ಬೀಳುತ್ತದೆ ಎಂಬ ಅನುಮಾನ ಹುಟ್ಟಿದರೆ ಎಲ್ಲರೂ ಅದನ್ನು ಮಾರಿ ಡಾಲರ್ ಕೊಳ್ಳಲು ಓಡುತ್ತಾರೆ. ದರ ಉಳಿಸಬೇಕಾದರೆ ಬ್ಯಾಂಕ್ ಆಫ್ ಇಂಗ್ಲೆಂಡ್ ತನ್ನ ಡಾಲರ್ ಕೊಟ್ಟು ಆ ಪೌಂಡ್‌ಗಳನ್ನು ಕೊಳ್ಳಬೇಕು. ಡಾಲರ್ ಖಾಲಿಯಾದರೆ ಆಟ ಮುಗಿಯಿತು.

ಸೆಪ್ಟೆಂಬರ್‌ನಲ್ಲಿ ಬ್ರಿಟನ್ ಕಳೆದುಕೊಂಡಿದ್ದು 5.7 ಕೋಟಿ ಡಾಲರ್. ಅಕ್ಟೋಬರ್‌ನಲ್ಲಿ 8.4 ಕೋಟಿ. ನವೆಂಬರ್‌ನಲ್ಲಿ 27.9 ಕೋಟಿ. 200 ಕೋಟಿ ಡಾಲರ್‌ಗಿಂತ ಕೆಳಗೆ ಸಂಗ್ರಹ ಇಳಿಯಬಾರದು ಎಂದು ಎಲ್ಲರೂ ನಂಬಿದ್ದ ಗೆರೆಯೊಂದಿತ್ತು. ತಿಂಗಳ ಕೊನೆಗೆ ಆ ಗೆರೆಯನ್ನೂ ದಾಟಿ ಕೆಳಗಿಳಿಯಿತು.

ಇಂಥ ಹೊತ್ತಿಗೇ ಅಲ್ವಾ ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಇರುವುದು? ಬ್ರಿಟನ್ ಕೇಳಿತು. ಅಮೆರಿಕದ ಖಜಾನೆ ಕಾರ್ಯದರ್ಶಿ ಜಾರ್ಜ್ ಹಂಫ್ರಿ ಅಡ್ಡ ನಿಂತರು. ಮೊದಲು ಕದನವಿರಾಮ ಎಂದರು. ಅದಾದ ಮೇಲೆ, ಮೊದಲು ಸೇನೆ ವಾಪಸ್ ಎಂದರು. ಎಣ್ಣೆಯದೂ ಇದೇ ಕಥೆ. ಕಾಲುವೆ ಮುಚ್ಚಿತ್ತು, ಪೈಪ್‌ಲೈನ್ ಹಾಳಾಗಿತ್ತು, ಸೌದಿ ಅರೇಬಿಯಾ ಎಣ್ಣೆ ನಿಲ್ಲಿಸಿತ್ತು. ಉಳಿದಿದ್ದು ಅಟ್ಲಾಂಟಿಕ್ ಆಚೆಯ ಎಣ್ಣೆ. ಅದನ್ನು ಕೊಳ್ಳಲು ಡಾಲರ್ ಬೇಕು. ಡಾಲರೂ ಅವರದೇ, ಎಣ್ಣೆಯೂ ಅವರದೇ.

ಫ್ರಾನ್ಸ್ ಇದನ್ನು ಮೊದಲೇ ಯೋಚಿಸಿತ್ತು ಅನ್ನುವುದು ಬೆರಗಿನ ಸಂಗತಿ. ಯುದ್ಧಕ್ಕೆ ಮುಂಚೆ, ಅಕ್ಟೋಬರ್‌ನಲ್ಲೇ, ಅದು ಐಎಂಎಫ್‌ನಿಂದ 26.25 ಕೋಟಿ ಡಾಲರ್ ಸಾಲಕ್ಕೆ ಒಪ್ಪಿಗೆ ಪಡೆದಿಟ್ಟುಕೊಂಡಿತ್ತು. ಬ್ರಿಟನ್ನಿಗೂ ಹಾಗೆ ಮಾಡಲು ಸಮಯವಿತ್ತು. ಮ್ಯಾಕ್‌ಮಿಲನ್ ಮಾಡಲಿಲ್ಲ. ಯುದ್ಧ ಬೇಕೆಂದು ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದ್ದ ಅದೇ ಮ್ಯಾಕ್‌ಮಿಲನ್, ನವೆಂಬರ್ 6ರ ಸಂಪುಟ ಸಭೆಯಲ್ಲಿ ಯುದ್ಧ ನಿಲ್ಲಿಸಲೇಬೇಕು ಎಂದರು. ಫ್ರಾನ್ಸ್ ಮುಂದುವರಿಯಲು ಸಿದ್ಧವಿತ್ತು. ಈಡನ್ ಫೋನ್ ಮಾಡಿ ಮೊಲೆಗೆ ತಿಳಿಸಿದರು. ಒಬ್ಬರೇ ಮುಂದೆ ಹೋಗುವುದು ಸಾಧ್ಯವಿರಲಿಲ್ಲ, ಸೇನಾಪತಿ ಬ್ರಿಟನ್ನಿನವರು.

ಈಜಿಪ್ಟಿನ ವಿಮಾನ ಎಷ್ಟು, ಟ್ಯಾಂಕ್ ಎಷ್ಟು ಎಂದು ಲಂಡನ್ ಎಣಿಸಿದ್ದು ಸರಿಯಾಗಿಯೇ ಇತ್ತು. ರಣರಂಗದಲ್ಲಿ ಲೆಕ್ಕ ತಪ್ಪಲಿಲ್ಲ. ಎಣಿಸದೆ ಬಿಟ್ಟಿದ್ದು ಒಂದನ್ನೇ: ತಾನು ಗೆಳೆಯನ ಮೇಲೆ ಎಷ್ಟು ಒರಗಿ ನಿಂತಿದ್ದೇನೆ ಎಂಬುದನ್ನು. ನೇಟೋ ಕಾಗದದಲ್ಲಿ ಎಲ್ಲರೂ ಸಮಾನರು. ಆದರೆ ಒಬ್ಬನ ಕರೆನ್ಸಿ ಮತ್ತು ಎಣ್ಣೆ ಎರಡೂ ಇನ್ನೊಬ್ಬನ ಕೈಯಲ್ಲಿದ್ದರೆ ಆ ಸಮಾನತೆ ಕಾಗದದಲ್ಲೇ ಉಳಿಯುತ್ತದೆ. ಸೋವಿಯತ್ ಪ್ರಧಾನಿ ಬುಲ್ಗಾನಿನ್ ನವೆಂಬರ್ 5ರಂದು ರಾಕೆಟ್ ಬೆದರಿಕೆಯ ಪತ್ರ ಕಳಿಸಿದ್ದರು ನಿಜ. ನಾಸೆರ್ ಅವರನ್ನು ಕಾಪಾಡಿದ್ದು ಆ ಪತ್ರವೇ ಎಂದು ಅರಬ್ ಜಗತ್ತಿನಲ್ಲಿ ಬಹಳ ಜನ ನಂಬಿದರು. ಲಂಡನ್ನಿನ ಕೈ ಕಟ್ಟಿದ್ದು ಆ ಪತ್ರಕ್ಕಿಂತ ಖಜಾನೆಯ ಅಂಕಿಗಳು ಎಂದೇ ನಾನು ತಿಳಿದಿದ್ದೇನೆ.

ನಂತರ

ಕೆನಡಾದ ವಿದೇಶಾಂಗ ಮಂತ್ರಿ ಲೆಸ್ಟರ್ ಪಿಯರ್ಸನ್ ಒಂದು ದಾರಿ ಹುಡುಕಿದರು. ವಿಶ್ವಸಂಸ್ಥೆಯ ಪಡೆಯೊಂದು ನಡುವೆ ಬಂದು ನಿಲ್ಲಲಿ ಎಂದರು. ಮುಂದಿನ ವರ್ಷ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಆ ಪಡೆಯಲ್ಲಿ ಭಾರತದ ಸೈನಿಕರೂ ಇದ್ದರು. ಬ್ರಿಟನ್ ಮತ್ತು ಫ್ರಾನ್ಸಿನ ಕೊನೆಯ ಸೈನಿಕರು ಹೊರಟಿದ್ದು ಡಿಸೆಂಬರ್ 22ಕ್ಕೆ. ಹೊರಡುತ್ತೇವೆ ಎಂದು ಲಂಡನ್ ತಿಂಗಳ ಆರಂಭದಲ್ಲಿ ಘೋಷಿಸಿದ್ದೇ ತಡ, ಐಎಂಎಫ್ ಬಾಗಿಲು ತೆರೆಯಿತು. ಡಿಸೆಂಬರ್ 10ರಂದು ಒಟ್ಟು 130 ಕೋಟಿ ಡಾಲರ್‌ಗೆ ಒಪ್ಪಿಗೆ ಸಿಕ್ಕಿತು.

ಸತ್ತವರ ಲೆಕ್ಕವನ್ನೂ ಹೇಳಬೇಕು. ಬ್ರಿಟನ್, ಫ್ರಾನ್ಸ್ ಎರಡೂ ಸೇರಿ ಕಳೆದುಕೊಂಡ ಸೈನಿಕರು ಕೆಲವು ಹತ್ತುಗಳಷ್ಟು. ಈಜಿಪ್ಟಿನಲ್ಲಿ ಸತ್ತವರು ಸಾವಿರಕ್ಕೂ ಜಾಸ್ತಿ. ಅವರಲ್ಲಿ ಪೋರ್ಟ್ ಸಯೀದ್‌ನ ಸಾಮಾನ್ಯ ಜನರೂ ಇದ್ದರು. ಸೆವ್ರ್‌ನ ಕಾಗದದಲ್ಲಿ ಅವರ ಮಾತೇ ಇರಲಿಲ್ಲ.

ಡಿಸೆಂಬರ್ 20ರಂದು ಈಡನ್ ಸಂಸತ್ತಿನಲ್ಲಿ ನಿಂತು, ಇಸ್ರೇಲ್ ದಾಳಿ ಮಾಡುತ್ತದೆಂದು ಮೊದಲೇ ತಿಳಿದಿರಲಿಲ್ಲ ಎಂದರು. ಅದು ಸುಳ್ಳು. ಜನವರಿ 9ರಂದು ಆರೋಗ್ಯದ ಕಾರಣ ಕೊಟ್ಟು ರಾಜೀನಾಮೆ ಕೊಟ್ಟರು. ಮಾರನೇ ದಿನ ಮ್ಯಾಕ್‌ಮಿಲನ್ ಪ್ರಧಾನಿಯಾದರು. ಕಾಲುವೆ ಏಪ್ರಿಲ್‌ನಲ್ಲಿ ಮತ್ತೆ ತೆರೆಯಿತು. ಈಜಿಪ್ಟ್ 1958ರಲ್ಲಿ ಷೇರುದಾರರ ಜೊತೆ ಪರಿಹಾರದ ಒಪ್ಪಂದ ಮಾಡಿಕೊಂಡಿತು. ಅಸ್ವಾನ್ ಅಣೆಕಟ್ಟಿಗೆ ಹಣ ಕೊಟ್ಟಿದ್ದು ಸೋವಿಯತ್ ಒಕ್ಕೂಟ.

ಒಂದೇ ಪೆಟ್ಟು ತಿಂದ ಇಬ್ಬರು ಗೆಳೆಯರು ಕಲಿತದ್ದು ಮಾತ್ರ ಪೂರಾ ಬೇರೆ ಬೇರೆ. ಇನ್ನೆಂದೂ ಅಮೆರಿಕಕ್ಕೆ ಎದುರಾಗಬಾರದು ಎಂದು ಬ್ರಿಟನ್ ತೀರ್ಮಾನಿಸಿತು. 1962ರಲ್ಲಿ ತನ್ನ ಅಣ್ವಸ್ತ್ರ ಹೊರುವ ಪೊಲಾರಿಸ್ ಕ್ಷಿಪಣಿಗಳನ್ನು ಅಮೆರಿಕದಿಂದಲೇ ಕೊಳ್ಳಲು ಒಪ್ಪಿಕೊಂಡಿತು. ಇನ್ನೆಂದೂ ಅಮೆರಿಕವನ್ನು, ಅದರ ಹಿಂದೆ ಹೋಗುವ ಬ್ರಿಟನ್ನನ್ನು ನಂಬಿ ಕೂರಬಾರದು ಎಂದು ಫ್ರಾನ್ಸ್ ತೀರ್ಮಾನಿಸಿತು. ಈಡನ್ ಫೋನ್ ಬಂದ ದಿನ ಪಶ್ಚಿಮ ಜರ್ಮನಿಯ ಚಾನ್ಸಲರ್ ಅಡೆನಾವರ್ ಪ್ಯಾರಿಸ್‌ನಲ್ಲೇ ಇದ್ದರು. ಯುರೋಪನ್ನು ಕಟ್ಟೋಣ ಎಂಬ ಅವರ ಮಾತಿಗೆ ಅಂದು ಕಿವಿ ಸಿಕ್ಕಿತು. ಐದು ತಿಂಗಳೊಳಗೆ, 1957ರ ಮಾರ್ಚ್ 25ರಂದು, ಯುರೋಪಿನ ಸಮಾನ ಮಾರುಕಟ್ಟೆ ಕಟ್ಟಿದ ರೋಮ್ ಒಪ್ಪಂದಕ್ಕೆ ಸಹಿ ಬಿತ್ತು. ಬ್ರಿಟನ್ ಅದರಲ್ಲಿ ಇರಲಿಲ್ಲ. 1960ರಲ್ಲಿ ಫ್ರಾನ್ಸ್ ತನ್ನದೇ ಅಣುಬಾಂಬ್ ಸಿಡಿಸಿತು. 1966ರಲ್ಲಿ ನೇಟೋದ ಜಂಟಿ ಸೇನಾ ವ್ಯವಸ್ಥೆಯಿಂದಲೇ ಹೊರಬಂದಿತು.

ಇನ್ನೊಂದು ಘಟನೆ ಇದೆ. ಸೆಲ್ವಿನ್ ಲಾಯ್ಡ್ ಅವರೇ ಆಮೇಲೆ ಹೇಳಿದ್ದು. ಕದನವಿರಾಮವಾಗಿ ಹತ್ತು ಹನ್ನೊಂದು ದಿನಕ್ಕೆ ಅವರು ವಾಷಿಂಗ್ಟನ್ನಿನ ಆಸ್ಪತ್ರೆಗೆ ಹೋಗಿ ಡಲೆಸ್ ಅವರನ್ನು ನೋಡಿದರು. ಕ್ಯಾನ್ಸರ್ ಆಪರೇಷನ್ ಆಗಿ ಡಲೆಸ್ ಮಲಗಿದ್ದರು. ವಿಶ್ವಸಂಸ್ಥೆಯಲ್ಲಿ ಬ್ರಿಟನ್ ವಿರುದ್ಧ ನಿಂತು ಮಾತಾಡಿದ್ದ ಅದೇ ಮನುಷ್ಯ ಹಾಸಿಗೆಯಲ್ಲಿ ಮಲಗಿಕೊಂಡೇ ಕೇಳಿದ್ದು, ನೀವು ಯಾಕೆ ನಿಲ್ಲಿಸಿದಿರಿ, ಮುಂದೆ ಹೋಗಿ ನಾಸೆರ್‌ನನ್ನು ಯಾಕೆ ಇಳಿಸಲಿಲ್ಲ ಎಂದು.